ಡೀಸೆಲ್ ಕಾರಿನ ಸದ್ದು: ಒಗ್ಗಿಕೊಳ್ಳುವುದಾ, ತಗ್ಗಿಸುವುದಾ, ಕಾರನ್ನೇ ಬದಲಿಸುವುದಾ?

ಪೆಟ್ರೋಲ್ ಕಾರು ಬಿಟ್ಟು ಡೀಸೆಲ್‌ಗೆ ಬಂದವರು ಮೊದಲು ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. "ಇಷ್ಟು ಸದ್ದು ಬರೋದು ಸಹಜನಾ, ಇಲ್ಲಾ ಗಾಡಿಯಲ್ಲೇ ಏನಾದ್ರೂ ತೊಂದರೆ ಇದೆಯಾ?" ಸುತ್ತಲಿನವರು ಇದಕ್ಕೆ ಮೂರು ತರಹದ ಉತ್ತರ ಕೊಡುತ್ತಾರೆ. ಒಬ್ಬರು "ಡೀಸೆಲ್ ಅಂದ್ರೆ ಹಾಗೇನೇ, ಒಗ್ಗಿಹೋಗುತ್ತೆ ಬಿಡಿ" ಅನ್ನುತ್ತಾರೆ. ಇನ್ನೊಬ್ಬರು ಡ್ಯಾಂಪಿಂಗ್ ಮಾಡಿಸಿ, ಅಂದರೆ ಸದ್ದು ತಡೆಯುವ ಶೀಟು ಅಂಟಿಸಿ ಅನ್ನುತ್ತಾರೆ. ಮತ್ತೊಬ್ಬರು "ನಿಮ್ಮ ಓಡಾಟಕ್ಕೆ ಡೀಸೆಲ್ ಬೇಕೇ ಇರಲಿಲ್ಲ" ಅಂತ ಹೇಳಿ ಹೊಟ್ಟೆ ಉರಿಸುತ್ತಾರೆ.

ಮೂರೂ ಉತ್ತರ ಯಾರೋ ಒಬ್ಬರಿಗೆ ಸರಿಯೇ. ನಿಮಗೆ ಯಾವುದು ಸರಿ ಎಂಬುದು ಮಾತ್ರ ನಿಮ್ಮನ್ನು ಕಾಡುತ್ತಿರುವ ಸದ್ದು ಯಾವುದು ಎನ್ನುವುದರ ಮೇಲಿದೆ. ಡೀಸೆಲ್ ಸದ್ದು ಅಂತ ನಾವು ಒಟ್ಟಾಗಿ ಕರೆಯುವುದರಲ್ಲಿ ಬೇರೆ ಬೇರೆ ಸದ್ದುಗಳು ಸೇರಿಕೊಂಡಿವೆ. ಒಂದಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಇದನ್ನು ವಿಂಗಡಿಸದೆ ಅಂಗಡಿಗೆ ಹೋಗಿ ದುಡ್ಡು ಸುರಿಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಹಾಗಾಗಿ ಆಯ್ಕೆಗಳಿಗೆ ಬರುವ ಮೊದಲು ಸದ್ದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಸದ್ದು ಯಾವುದು, ಎಲ್ಲಿಂದ?

ಪೆಟ್ರೋಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಕೊಟ್ಟು ಇಂಧನ ಹೊತ್ತಿಸುತ್ತದೆ. ಡೀಸೆಲ್‌ನಲ್ಲಿ ಆ ಕಿಡಿ ಇಲ್ಲ. ಗಾಳಿಯನ್ನು ಹದಿನೈದು ಹದಿನಾರು ಪಟ್ಟು ಒತ್ತಿದಾಗ ಅದು ಕಾಯುತ್ತದೆ. ಆ ಕಾದ ಗಾಳಿಗೆ ಡೀಸೆಲ್ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಚಿಮ್ಮಿಸಿದ್ದಕ್ಕೂ ಹೊತ್ತಿಕೊಳ್ಳುವುದಕ್ಕೂ ನಡುವೆ ತೀರಾ ಸಣ್ಣದೊಂದು ತಡ ಇರುತ್ತದೆ. ಅಷ್ಟರಲ್ಲಿ ಸೇರಿಕೊಂಡ ಡೀಸೆಲ್ ಎಲ್ಲ ಒಟ್ಟಿಗೆ ಹೊತ್ತಿಕೊಂಡಾಗ ಸಿಲಿಂಡರ್ ಒಳಗಿನ ಒತ್ತಡ ಥಟ್ಟನೆ ಏರುತ್ತದೆ. ನಮಗೆ ಕೇಳುವ ಟಕಟಕ ಅದೇ. ಎಂಜಿನ್ ತಣ್ಣಗಿದ್ದಷ್ಟೂ ಆ ತಡ ಜಾಸ್ತಿ. ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅದೇ ಕಾರು ಜೋರಾಗಿ ಬಡಿಯುವುದು ಇದರಿಂದ.

ಎಲ್ಲ ಸಿಲಿಂಡರ್‌ಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಕಳಿಸುವ ಕಾಮನ್ ರೈಲ್ ಬಂದಮೇಲೆ ಈ ಬಡಿತ ತುಂಬಾ ಕಮ್ಮಿಯಾಯಿತು. 1997ರಲ್ಲಿ ಆಲ್ಫಾ ರೋಮಿಯೋ 156 ಕಾರಿನಲ್ಲಿ ಮೊದಲು ಬಂದ ಈ ಏರ್ಪಾಡಿನಲ್ಲಿ ಕಂಪ್ಯೂಟರ್ ಮೊದಲು ತೊಟ್ಟು ಡೀಸೆಲ್ ಬಿಟ್ಟು ಸಿಲಿಂಡರ್ ಒಳಗೆ ಬೆಂಕಿ ಎಬ್ಬಿಸುತ್ತದೆ, ಆಮೇಲೆ ಮುಖ್ಯ ಡೀಸೆಲ್ ಚಿಮ್ಮಿಸುತ್ತದೆ. ಒತ್ತಡ ನಿಧಾನವಾಗಿ ಏರುವುದರಿಂದ ಬಡಿತ ಮೆತ್ತಗಾಗುತ್ತದೆ. ಡೀಸೆಲ್ ಅಂಬಾಸಿಡರ್, ಹಳೆಯ ಸುಮೋ ಕೇಳಿ ಬೆಳೆದವರಿಗೆ ಇವತ್ತಿನ ಡೀಸೆಲ್ ಕಾರಿನಲ್ಲಿ ಸದ್ದೇ ಇಲ್ಲ ಅನ್ನಿಸುವುದು ಇದಕ್ಕೇ. ಪೆಟ್ರೋಲ್ ಸ್ವಿಫ್ಟ್‌ನಿಂದಲೋ ಐ20ಯಿಂದಲೋ ಇಳಿದು ಬಂದವರಿಗೆ ಮಾತ್ರ ಅದೇ ಕಾರು ಗಲಾಟೆ ಅನ್ನಿಸುತ್ತದೆ.

ಟಕಟಕ ಒಂದು ಬಗೆ. ಇನ್ನೊಂದು ಗುಮ್ ಎನ್ನುವ ತಗ್ಗಿನ ಮೊರೆತ. ಮೇಲಿನ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಆಕ್ಸಿಲರೇಟರ್ ಒತ್ತಿದಾಗ ಕಿವಿಯನ್ನೇ ಅಮುಕಿದಂತೆ ಆಗುತ್ತದಲ್ಲ, ಅದು. ನಾಲ್ಕು ಸಿಲಿಂಡರ್ ಎಂಜಿನ್ 1500 ಆರ್‌ಪಿಎಂನಲ್ಲಿ (ನಿಮಿಷಕ್ಕೆ 1500 ಸುತ್ತು) ಸೆಕೆಂಡಿಗೆ 50 ಸಲ ಹೊತ್ತಿಕೊಳ್ಳುತ್ತದೆ. ಅಂದರೆ ಇದು 50 ಹರ್ಟ್ಸ್‌ನ ಸದ್ದು. ಅಂಥ ಅಲೆಯೊಂದರ ಉದ್ದ ಏಳು ಮೀಟರ್ ಹತ್ತಿರ ಬರುತ್ತದೆ, ನಿಮ್ಮ ಕಾರಿಗಿಂತ ಉದ್ದ. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಡ್ಯಾಂಪಿಂಗ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಮೂರನೆಯದು ನಡುಕ. ಸ್ಟೇರಿಂಗ್, ಗೇರ್ ನಾಬ್, ಸೀಟು, ಕನ್ನಡಿಗಳ ಮೂಲಕ ಬರುವುದು. ಇದನ್ನು ಕಿವಿಗಿಂತ ಮೈ ಹೆಚ್ಚು ಗುರುತಿಸುತ್ತದೆ, ಆದರೂ ಜನ ಇದನ್ನೂ ಸದ್ದು ಅಂತಲೇ ಹೇಳುತ್ತಾರೆ. ನಾಲ್ಕನೆಯದಕ್ಕೂ ಎಂಜಿನ್‌ಗೂ ಸಂಬಂಧವೇ ಇಲ್ಲ. ಅದು ಟೈರಿನ ಸದ್ದು. ಹೊಸ ಡೀಸೆಲ್ ಕಾರು ಸಾಮಾನ್ಯವಾಗಿ ಹಳೆಯ ಪೆಟ್ರೋಲ್ ಕಾರಿಗಿಂತ ದೊಡ್ಡದು, ಟೈರು ಅಗಲ. ಅದರ ಸದ್ದನ್ನೂ ಡೀಸೆಲ್ ಲೆಕ್ಕಕ್ಕೆ ಬರೆದುಬಿಡುತ್ತೇವೆ.

ಬೇರ್ಪಡಿಸುವುದು ಕಷ್ಟವಲ್ಲ. ಕಾರು ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಬಿಡಿ. ಕಿಟಕಿ ಇಳಿಸಿ ಕೇಳಿ, ಆಮೇಲೆ ಏರಿಸಿ ಕೇಳಿ. ಏರಿಸಿದ ಕೂಡಲೇ ಬಹುಪಾಲು ಹೋಯಿತೆಂದರೆ ನಿಮ್ಮನ್ನು ಕಾಡುವುದು ಟಕಟಕ. ಕಿಟಕಿ ಏರಿಸಿದರೂ ಸೀಟಿನಲ್ಲಿ, ಸ್ಟೇರಿಂಗಿನಲ್ಲಿ ಗೊತ್ತಾಗುತ್ತಿದ್ದರೆ ನಡುಕ. ಎಸಿ ಹಾಕಿ, ತೆಗೆದು ನೋಡಿ. ಕಂಪ್ರೆಸರ್ ಭಾರ ಬಿದ್ದಾಗ ನಡುಕ ಎಷ್ಟು ಏರುತ್ತದೆ ಗಮನಿಸಿ. ರಸ್ತೆಯ ಮೇಲೆ 80ರ ವೇಗದಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ, ಆಕ್ಸಿಲರೇಟರ್ ಬಿಟ್ಟು ಒಂದೆರಡು ಕ್ಷಣ ಕ್ಲಚ್ ಒತ್ತಿ. ಎಂಜಿನ್ ಐಡ್ಲಿಂಗಿಗೆ, ಅಂದರೆ ಕಾರು ನಿಂತಾಗಿನ ಮೆಲ್ಲನೆಯ ಓಟಕ್ಕೆ, ಇಳಿದರೂ ಸದ್ದು ಹಾಗೇ ಉಳಿದರೆ ಅದು ಟೈರು, ಗಾಳಿಯದು.

ಮೊಬೈಲಿನ ಡೆಸಿಬಲ್ ಆ್ಯಪ್ ಬಗ್ಗೆ ಒಂದು ಮಾತು. ಅದೇ ಫೋನು, ಅದೇ ಜಾಗ, ಅದೇ ರಸ್ತೆ, ಅದೇ ವೇಗ ಇದ್ದರೆ ಮೊದಲಿಗೂ ಆಮೇಲೆಗೂ ಹೋಲಿಸಲು ಅದು ಸಾಕು. ಆದರೆ ಇಂಥ ಆ್ಯಪ್‌ಗಳು ಸಾಮಾನ್ಯವಾಗಿ ತಗ್ಗಿನ ಸದ್ದನ್ನು ಕಮ್ಮಿ ಲೆಕ್ಕ ಹಾಕುತ್ತವೆ. ಗುಮ್ ಅನ್ನುವ ಮೊರೆತಕ್ಕೆ ತಲೆನೋವು ಬರುತ್ತಿದ್ದರೂ ಆ್ಯಪ್ ಎಲ್ಲ ಸರಿಯಿದೆ ಅಂದೀತು. ಅಲ್ಲಿ ನಿಮ್ಮ ಕಿವಿಯನ್ನೇ ನಂಬಿ.

ಮೊದಲ ಆಯ್ಕೆ: ಓಡಿಸುವ ರೀತಿ ಬದಲಿಸಿ ಒಗ್ಗಿಕೊಳ್ಳುವುದು

ಖರ್ಚಿಲ್ಲದ ದಾರಿ ಇದು. ನನ್ನ ಪ್ರಕಾರ ಎಲ್ಲರೂ ಇಲ್ಲಿಂದಲೇ ಶುರು ಮಾಡಬೇಕು. ಆದರೆ "ಸುಮ್ನೆ ಒಗ್ಗಿಕೊಳ್ಳಿ" ಅನ್ನುವುದು ಅರ್ಧ ಸಲಹೆ. ಕಿವಿ ಒಗ್ಗುವುದಕ್ಕಿಂತ ಮೊದಲು ಕೈಕಾಲು ಒಗ್ಗಬೇಕು.

ಪೆಟ್ರೋಲ್ ಕಾರಿನಲ್ಲಿ ಮೈಲೇಜ್ ಆಸೆಗೆ ಬೇಗಬೇಗ ಮೇಲಿನ ಗೇರ್ ಹಾಕುವ ರೂಢಿ ನಮ್ಮಲ್ಲಿ ಬಹಳ. ಡೀಸೆಲ್‌ನಲ್ಲಿ ಅದೇ ರೂಢಿ ಮುಂದುವರಿದರೆ, 35-40ರ ವೇಗದಲ್ಲೇ ನಾಲ್ಕನೇ ಐದನೇ ಗೇರಿಗೆ ಹೋಗಿ ಎಂಜಿನ್ 1200 ಆರ್‌ಪಿಎಂಗೆ ಇಳಿಯುತ್ತದೆ. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ. ಆಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಒದ್ದಾಡುತ್ತದೆ, ಕಾರು ಪೂರ್ತಿ ಗುಮ್ ಅನ್ನುತ್ತದೆ, ಡ್ಯಾಶ್‌ಬೋರ್ಡ್ ನಡುಗುತ್ತದೆ. ಎಂಜಿನ್ ನಡುಕ ಗೇರ್‌ಬಾಕ್ಸಿಗೆ ದಾಟದಂತೆ ತಡೆಯುವ ಡ್ಯುಯಲ್ ಮಾಸ್ ಫ್ಲೈವೀಲ್ ಇರುವ ಕಾರಿನಲ್ಲಿ ಹೀಗೆ ಓಡಿಸುತ್ತಿದ್ದರೆ ಅದರ ಆಯಸ್ಸೂ ಕಮ್ಮಿಯಾಗುತ್ತದೆ. ಅದನ್ನು ಬದಲಿಸುವ ಖರ್ಚು ಕೇಳಿದರೆ ಯಾರೂ ಮತ್ತೆ ಹಾಗೆ ಓಡಿಸುವುದಿಲ್ಲ.

ಈಗಿನ ಒಂದೂವರೆ ಲೀಟರ್ ಡೀಸೆಲ್‌ಗಳಿಗೆ 1500ರಿಂದ 2750 ಆರ್‌ಪಿಎಂ ನಡುವೆ ಪೂರ್ತಿ ಎಳೆತ ಸಿಗುತ್ತದೆ. ಎಳೆಯುವ ಕೆಲಸ ಇರುವಾಗ ಮುಳ್ಳು 1600ಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಳ್ಳಿ. 2500 ದಾಟುವ ಮೊದಲು ಮುಂದಿನ ಗೇರ್ ಹಾಕಿ. ಪೆಟ್ರೋಲ್ ಎಂಜಿನ್ ತರಹ 4000ದವರೆಗೆ ಎಳೆದರೆ ಸದ್ದು ಒರಟಾಗುತ್ತದೆ, ಆ ಸದ್ದಿಗೆ ತಕ್ಕ ವೇಗ ಸಿಗುವುದಿಲ್ಲ. ಈ ಆರ್‌ಪಿಎಂ ವ್ಯಾಪ್ತಿ ಇಷ್ಟು ಚಿಕ್ಕದಾಗಿರುವುದೇ ಹೊಸಬರಿಗೆ ತೊಡಕು. ಚಾರ್ಮಾಡಿಯಂಥ ಘಾಟಿಯಲ್ಲಿ ತಿರುವಿಗೆ ಬರುವ ಮೊದಲೇ ಎರಡನೇ ಗೇರಿಗೆ ಇಳಿಸಿಬಿಡಿ. ಮೂರರಲ್ಲೇ ತಿರುಗಿಸಿ ಆಮೇಲೆ ಒತ್ತಿದರೆ ಕಾರು ಮೇಲೇಳಲು ತಿಣುಕುತ್ತದೆ. ಹಿಂದೆ ಕೂತ ಅಮ್ಮನಿಗೆ ವಾಂತಿ ಬರುವುದಕ್ಕೆ ಆ ಗುಮ್ಮೆನ್ನುವ ನಡುಕವೂ ಸೇರಿಕೊಳ್ಳುತ್ತದೆ.

ಹೆದ್ದಾರಿಯಲ್ಲಿ ಚಿತ್ರವೇ ಬೇರೆ. ಬೆಂಗಳೂರಿನಿಂದ ಚಿತ್ರದುರ್ಗ, ದಾವಣಗೆರೆ ಕಡೆಗೆ ಆರನೇ ಗೇರಿನಲ್ಲಿ 100ರಲ್ಲಿ ಹೋಗುವಾಗ ಎಷ್ಟೋ ಡೀಸೆಲ್ ಎಂಜಿನ್‌ಗಳು 2000 ಆರ್‌ಪಿಎಂ ಆಸುಪಾಸಿನಲ್ಲಿ ಆರಾಮಾಗಿ ತಿರುಗುತ್ತಿರುತ್ತವೆ. ಅದೇ ವೇಗಕ್ಕೆ ಟರ್ಬೊ ಇಲ್ಲದ ಚಿಕ್ಕ ಪೆಟ್ರೋಲ್ ಕಾರು ಇನ್ನೂ ಜೋರಾಗಿ ತಿರುಗಬೇಕು. ಲಾರಿ ದಾಟಲು ಗೇರ್ ಇಳಿಸುವ ಕೆಲಸವೂ ಅದಕ್ಕೆ ಜಾಸ್ತಿ. ಹಾಗಾಗಿ ವಾರಕ್ಕೊಮ್ಮೆ ಊರಿಗೆ ಹೋಗಿಬರುವವರಿಗೆ ಡೀಸೆಲ್ ಸದ್ದು ಬೇಗ ಮರೆತುಹೋಗುತ್ತದೆ. ಸಿಲ್ಕ್ ಬೋರ್ಡ್, ಹೆಬ್ಬಾಳದ ಕಡೆ ದಿನಾ ಒಂದನೇ ಎರಡನೇ ಗೇರಿನಲ್ಲಿ ತೆವಳುವವರಿಗೆ ಎಂಜಿನ್‌ನ ಅತಿ ಕೆಟ್ಟ ಸದ್ದೇ ಇಡೀ ದಿನದ ಪಾಲು.

ಆಟೋಮ್ಯಾಟಿಕ್ ಕಾರಿನವರಿಗೆ ಗೇರ್ ತಮ್ಮ ಕೈಯಲ್ಲಿರುವುದಿಲ್ಲ. ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್ ಎಂಜಿನ್‌ಗೂ ಚಕ್ರಕ್ಕೂ ನಡುವೆ ಎಣ್ಣೆಯ ಮೂಲಕ ಶಕ್ತಿ ದಾಟಿಸುತ್ತದೆ, ತಗ್ಗಿನ ನಡುಕದ ಒಂದಿಷ್ಟು ಪಾಲು ಅಲ್ಲೇ ಕರಗುತ್ತದೆ. ಮ್ಯಾನುಯಲ್ ಗೇರ್‌ಬಾಕ್ಸಿನ ಗೇರನ್ನೇ ಯಂತ್ರ ಬದಲಿಸುವ ಎಎಂಟಿಯಲ್ಲಿ ಆ ಎಣ್ಣೆ ಇಲ್ಲ. ಎಎಂಟಿ ಮೈಲೇಜಿಗಾಗಿ ಬೇಗ ಮೇಲಿನ ಗೇರಿಗೆ ಹೋದಾಗ ಗುಮ್ ಎನ್ನುವುದು ನೇರವಾಗಿ ಒಳಗೆ ಬರುತ್ತದೆ. ಏರಿನಲ್ಲಿ ಮ್ಯಾನುಯಲ್ ಮೋಡ್‌ಗೆ ಹಾಕಿ ಒಂದು ಗೇರ್ ಕೆಳಗೆ ಹಿಡಿದಿಡುವುದು ಸುಲಭದ ಪರಿಹಾರ.

ಬೆಳಿಗ್ಗೆಯ ಟಕಟಕಕ್ಕೆ ಮನೆ ಮುಂದೆ ನಿಲ್ಲಿಸಿಕೊಂಡು ಎಂಜಿನ್ ಕಾಯಿಸುವುದು ಬೇಡ. ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಹೊರಟರೆ ನಿಂತಲ್ಲಿಗಿಂತ ಬೇಗ ಬಿಸಿಯಾಗುತ್ತದೆ, ಬಡಿತವೂ ಬೇಗ ಇಳಿಯುತ್ತದೆ. ಅಕ್ಕಪಕ್ಕದವರ ನಿದ್ದೆಯೂ ಉಳಿಯುತ್ತದೆ.

ಇನ್ನೊಂದು ವಿಷಯ ಹೊಸಬರನ್ನು ತುಂಬಾ ಹೆದರಿಸುತ್ತದೆ. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಜಾರಿಯಾದ ಮೇಲೆ ಡೀಸೆಲ್ ಕಾರುಗಳಿಗೆ ಡಿಪಿಎಫ್ ಬಂತು. ಹೊಗೆಯ ಮಸಿಯನ್ನು ಹಿಡಿದಿಟ್ಟುಕೊಳ್ಳುವ ಜಾಲರಿ ಅದು. ಮಸಿ ತುಂಬಿದಾಗ ಎಂಜಿನ್ ಹೆಚ್ಚಿನ ಡೀಸೆಲ್ ಬಿಟ್ಟು ಅದನ್ನು ಸುಟ್ಟು ಖಾಲಿ ಮಾಡುತ್ತದೆ. ಆ ಹೊತ್ತಿನಲ್ಲಿ ಐಡ್ಲಿಂಗ್ ಸ್ವಲ್ಪ ಏರುತ್ತದೆ, ಎಂಜಿನ್ ಸದ್ದು ದಪ್ಪಗಾಗುತ್ತದೆ, ಬಿಸಿ ಲೋಹದ ವಾಸನೆ ಬರಬಹುದು, ಕಾರು ಆಫ್ ಮಾಡಿದಮೇಲೂ ಮುಂದಿನ ಫ್ಯಾನ್ ಭರ್ರೆಂದು ಓಡುತ್ತಿರಬಹುದು. ಇದು ರೋಗವಲ್ಲ. ಆಗ ಸಾಧ್ಯವಾದರೆ ಕಾರು ಆಫ್ ಮಾಡದೆ ಸ್ವಲ್ಪ ದೂರ ಒಂದೇ ವೇಗದಲ್ಲಿ ಓಡಿಸಿ, ಆ ಕೆಲಸ ಮುಗಿಯಲು ಬಿಡಿ. ದಿನಾ ನಾಲ್ಕೈದು ಕಿಲೋಮೀಟರ್ ಮಾತ್ರ ಓಡಾಡುವವರಿಗೆ ಇದು ಮತ್ತೆ ಮತ್ತೆ ಅರ್ಧಕ್ಕೆ ನಿಲ್ಲುತ್ತದೆ. ಅಂಥವರಿಗೆ ಸದ್ದಿಗಿಂತ ದೊಡ್ಡ ತಲೆನೋವು ಇದೇ.

ಕಿವಿಯ ಮಾತಿಗೆ ಬಂದರೆ, ಒಂದೇ ಸಮನೆ ಇರುವ ಟಕಟಕಕ್ಕೆ ಕೆಲವು ವಾರಗಳಲ್ಲಿ ಬಹುತೇಕ ಎಲ್ಲರೂ ಒಗ್ಗುತ್ತಾರೆ. ನಡುಕಕ್ಕೆ, ಗುಮ್ ಎನ್ನುವುದಕ್ಕೆ ಹಾಗೆ ಒಗ್ಗುವುದು ಕಷ್ಟ, ದೂರದ ದಾರಿಯಲ್ಲಿ ಅದು ಸುಸ್ತು ಮಾಡುತ್ತದೆ. ಇನ್ನೂ ಒಂದು. ಓಡಿಸುವವರು ಬೇಗ ಒಗ್ಗುತ್ತಾರೆ, ಯಾಕೆಂದರೆ ಸದ್ದು ಯಾವಾಗ ಏರುತ್ತದೆ ಅಂತ ಅವರ ಕಾಲಿಗೇ ಗೊತ್ತಿರುತ್ತದೆ. ಹಿಂದೆ ಕೂತವರಿಗೆ ಅದು ಗೊತ್ತಿಲ್ಲ. ಮನೆಯವರು "ಸದ್ದು ಜಾಸ್ತಿ" ಅಂದರೆ ಅವರ ಮಾತನ್ನು ತಳ್ಳಿಹಾಕಬೇಡಿ. ಒಂದು ಸಲ ಬೇರೆಯವರಿಗೆ ಸ್ಟೇರಿಂಗ್ ಕೊಟ್ಟು ಹಿಂದೆ ಕೂತು ಕೇಳಿ.

ಎರಡನೇ ಆಯ್ಕೆ: ಸರಿ ಮಾಡಿಸುವುದು

ಸೆಕೆಂಡ್ ಹ್ಯಾಂಡ್ ಡೀಸೆಲ್ ತೆಗೆದುಕೊಂಡವರು ಇದನ್ನೇ ಮೊದಲು ನೋಡಬೇಕು. ಹಳೆಯ ಡೀಸೆಲ್‌ನ ಸದ್ದಿನಲ್ಲಿ ಡೀಸೆಲ್‌ನ ಪಾಲೆಷ್ಟು, ಸವೆತದ ಪಾಲೆಷ್ಟು ಅಂತ ತಿಳಿಯದೆ ಮುಂದಕ್ಕೆ ಹೋಗಬಾರದು.

ನಡುಕ ನಿಮ್ಮ ದೂರಾಗಿದ್ದರೆ ಎಂಜಿನ್ ಮೌಂಟಿಂಗ್ ಪರೀಕ್ಷೆ ಮಾಡಿಸಿ. ಎಂಜಿನ್ ಕೂತಿರುವ ರಬ್ಬರ್ ದಿಂಬುಗಳು ಅವು. ಕೆಲವದರ ಒಳಗೆ ದ್ರವವೂ ಇರುತ್ತದೆ. ರಬ್ಬರ್ ಗಟ್ಟಿಯಾದರೆ, ಹರಿದರೆ, ಒಳಗಿನ ದ್ರವ ಸೋರಿದರೆ ಎಂಜಿನ್ ನಡುಕ ನೇರವಾಗಿ ಬಾಡಿಗೆ ಬರುತ್ತದೆ. ಐಡ್ಲಿಂಗಿನಲ್ಲಿ ಸ್ಟೇರಿಂಗ್ ನಡುಗುವುದು, ರಿವರ್ಸ್ ಹಾಕುವಾಗ ದಡ್ ಅನ್ನುವುದು, ಆಫ್ ಮಾಡುವಾಗ ಕಾರು ಜೋರಾಗಿ ಕುಲುಕುವುದು ಇದರ ಗುರುತುಗಳು. ಹಳೆಯ ಕಾರಿನಲ್ಲಿ ಇದಕ್ಕೆ ಹಾಕಿದ ದುಡ್ಡಿನಷ್ಟು ಫಲ ಬೇರೆ ಯಾವುದಕ್ಕೆ ಹಾಕಿದರೂ ಸಿಗುವುದಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಕಂಪನಿಯ ಮೌಂಟಿಂಗನ್ನೇ ಹಾಕಿಸಿ. ಅಗ್ಗದ ಗಟ್ಟಿ ರಬ್ಬರಿನದು ಹಾಕಿಸಿದರೆ ನಡುಕ ಮೊದಲಿಗಿಂತ ಹೆಚ್ಚಾಗುವುದೂ ಉಂಟು.

ಬೇರೆ ಸದ್ದುಗಳಿಗೂ ಅವುಗಳದ್ದೇ ಭಾಷೆ ಇದೆ. ಎಂಜಿನ್ ಬಿಸಿಯಾದಮೇಲೂ ಒಂದೇ ಸಿಲಿಂಡರ್ ಕಡೆಯಿಂದ ಟಕ್ ಟಕ್ ಬರುತ್ತಿದ್ದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ನೋಡಿಸಿ. ಚಸ್ ಚಸ್ ಅಂತ ಉಸಿರುಬಿಟ್ಟಂತೆ ಕೇಳಿ, ಎಸಿ ಗಾಳಿಯಲ್ಲಿ ಹೊಗೆ ವಾಸನೆಯೂ ಬಂದರೆ ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಸೋರುತ್ತಿರಬಹುದು. ಆಕ್ಸಿಲರೇಟರ್ ಒತ್ತಿದಾಗ ಗಾಳಿ ಸೋರಿದ ಸದ್ದು, ಜತೆಗೆ ಪಿಕಪ್ ಇಲ್ಲ, ಕಪ್ಪು ಹೊಗೆ ಇದ್ದರೆ ಟರ್ಬೊ ಹೋಸ್ ಹರಿದಿರುವ ಸಾಧ್ಯತೆ ಹೆಚ್ಚು. ಸೈರನ್ ತರಹ ಏರಿ ಇಳಿಯುವ ಶಿಳ್ಳೆ ಹೊಸದಾಗಿ ಶುರುವಾಗಿದ್ದರೆ ಟರ್ಬೊವನ್ನೇ ನೋಡಬೇಕು. ಐಡ್ಲಿಂಗಿನಲ್ಲಿ ಗಡಗಡ ಇದ್ದು ಕ್ಲಚ್ ಒತ್ತಿದಾಗ ಬದಲಾದರೆ ಮೆಕ್ಯಾನಿಕ್‌ಗೆ ಅದನ್ನೇ ಹೇಳಿ, ಫ್ಲೈವೀಲ್, ಕ್ಲಚ್, ಗೇರ್‌ಬಾಕ್ಸ್ ಕಡೆಗೆ ಅವರ ಗಮನ ಹೋಗುತ್ತದೆ. "ಸದ್ದು ಬರ್ತಿದೆ" ಅಂತಷ್ಟೇ ಹೇಳಿದರೆ "ಡೀಸೆಲ್ ಅಲ್ವಾ ಸಾರ್" ಅನ್ನುವ ಉತ್ತರ ಸಿಗುತ್ತದೆ. ಯಾವಾಗ, ಯಾವ ಗೇರಿನಲ್ಲಿ, ಬಿಸಿಯಾದಾಗಲೋ ತಣ್ಣಗಿದ್ದಾಗಲೋ ಅಂತ ಹೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ.

ಸದ್ದು ತಗ್ಗಿಸಲು ದಪ್ಪ ಎಂಜಿನ್ ಆಯಿಲ್ ಹಾಕಿಸುವ ಸಲಹೆಯನ್ನು ಮಾತ್ರ ಕೇಳಬೇಡಿ. ಡಿಪಿಎಫ್ ಇರುವ ಎಂಜಿನ್‌ಗೆ ಬೂದಿ ಕಮ್ಮಿ ಬಿಡುವ ಆಯಿಲ್ಲೇ ಬೇಕು, ಕಾರಿನ ಪುಸ್ತಕದಲ್ಲಿ ಬರೆದ ದರ್ಜೆಯದೇ ಆಗಬೇಕು. ಬಂಕಿನ ಪ್ರೀಮಿಯಂ ಡೀಸೆಲ್ ಹಾಕಿಸಿದರೆ ಟಕಟಕ ಕೊಂಚ ಮೆತ್ತಗಾಗಬಹುದು. ಸೀಟೇನ್ ಸಂಖ್ಯೆ ಏರಿದಷ್ಟೂ ಡೀಸೆಲ್ ಬೇಗ ಹೊತ್ತಿಕೊಳ್ಳುತ್ತದೆ. ಆದರೆ ಬಿಎಸ್6ನ ಸಾಮಾನ್ಯ ಡೀಸೆಲ್‌ಗೇ ಸೀಟೇನ್ ಕನಿಷ್ಠ 51 ಇರಬೇಕು ಎಂಬ ನಿಯಮವಿದೆ. ಹೊಸ ಎಂಜಿನ್‌ನಲ್ಲಿ ವ್ಯತ್ಯಾಸ ಕೇಳಿಸುವುದೇ ಅಪರೂಪ. ಪ್ರತಿ ಲೀಟರಿಗೂ ಹೆಚ್ಚು ದುಡ್ಡು ಕೊಟ್ಟು ಸದ್ದಿನ ಕಾರಣಕ್ಕೆ ಇದನ್ನು ಹಾಕಿಸಬೇಕಿಲ್ಲ.

ಮೂರನೇ ಆಯ್ಕೆ: ಡ್ಯಾಂಪಿಂಗ್

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸುಮ್ಮನೆ ಒಂದು ಸುತ್ತು ಹಾಕಿದರೆ ಸಾಕು, ಡ್ಯಾಂಪಿಂಗ್ ಶೀಟು ಮಾರುವ ಅಂಗಡಿ ಸಿಗುತ್ತದೆ. ಬಾಗಿಲುಗಳಿಗೆ ಮಾತ್ರ ಮಾಡಿಸಿದರೆ ಕೆಲವು ಸಾವಿರ, ಇಡೀ ಕಾರಿಗಾದರೆ ಹತ್ತಾರು ಸಾವಿರ ರೂಪಾಯಿ. ಮಾರುವವರು ಎಲ್ಲ ಸದ್ದಿಗೂ ಒಂದೇ ಶೀಟು ತೋರಿಸುತ್ತಾರೆ. ನೀವು ಮಾತ್ರ ಕೇಳಿ: ಇದು ಯಾವ ಸದ್ದಿಗೆ?

ಅಲ್ಯೂಮಿನಿಯಂ ಹಾಳೆ ಅಂಟಿಸಿದ ಬ್ಯುಟೈಲ್ ರಬ್ಬರ್ ಶೀಟು ತಗಡು ಮೊಳಗುವುದನ್ನು ತಡೆಯುತ್ತದೆ. ಬಡಿದ ತಟ್ಟೆಯ ಮೇಲೆ ಅಂಗೈ ಒತ್ತಿದರೆ ನಾದ ನಿಲ್ಲುತ್ತದಲ್ಲ, ಅದೇ ಕೆಲಸ. ಇದನ್ನು ತಗಡಿನ ತುಂಬಾ ಹಚ್ಚಬೇಕಿಲ್ಲ. ಮಧ್ಯದಲ್ಲಿ, ಬೆಂಬಲವಿಲ್ಲದ ಅಗಲ ಜಾಗದಲ್ಲಿ, ಮೂರನೇ ಒಂದು ಭಾಗಕ್ಕೆ ಹಚ್ಚಿದರೇ ಬಹುಪಾಲು ಫಲ ಸಿಗುತ್ತದೆ. ಫೋಮ್ ಪದರ ಟಕಟಕದಂಥ ಮೇಲಿನ ಸದ್ದನ್ನು ಹೀರುತ್ತದೆ. ಗುಮ್ ಎನ್ನುವ ಮೊರೆತದ ಅಲೆ ಏಳು ಮೀಟರ್ ಉದ್ದ ಅಂತ ಹೇಳಿದೆನಲ್ಲ, ಹತ್ತು ಮಿಲಿಮೀಟರ್ ಫೋಮ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದಕ್ಕೆ ಗೇರ್ ಇಳಿಸುವುದು, ಮೌಂಟಿಂಗ್ ನೋಡಿಸುವುದು ಇವೇ ದಾರಿ.

ಜಾಗಗಳ ಹೋಲಿಕೆಯೂ ಮುಖ್ಯ. ಬಾನೆಟ್ ಒಳಗೆ ಪ್ಯಾಡ್ ಹಾಕಿಸುವುದು ಎಲ್ಲಕ್ಕಿಂತ ಸುಲಭ, ಎಲ್ಲರೂ ಮಾಡಿಸುವುದೂ ಅದನ್ನೇ. ಅದರಿಂದ ಹೊರಗೆ ನಿಂತವರಿಗೆ ಕೇಳುವ ಟಕಟಕ ತಗ್ಗುತ್ತದೆ. ಒಳಗೆ ಕೂತವರಿಗೆ ಲಾಭ ಸ್ವಲ್ಪವೇ. ಹಾಕಿಸುವುದೇ ಆದರೆ ಬೆಂಕಿ ಹಿಡಿಯದ, ಕಾರಿಗೆಂದೇ ಮಾಡಿದ ಪ್ಯಾಡ್ ಇರಲಿ. ಬಿಸಿ ಎಂಜಿನ್ ಮೇಲೆ ಸಾದಾ ಫೋಮ್ ಅಂಟಿಸುವುದು ಅಪಾಯ. ಬಾಗಿಲ ಡ್ಯಾಂಪಿಂಗ್‌ನಿಂದ ಪಕ್ಕದ ಗಾಡಿಗಳ ಸದ್ದು ಕಮ್ಮಿಯಾಗುತ್ತದೆ, ಸ್ಪೀಕರ್ ಚೆನ್ನಾಗಿ ಕೇಳುತ್ತದೆ, ಬಾಗಿಲು ಹಾಕುವಾಗ ಗಟ್ಟಿ ಸದ್ದು ಬರುತ್ತದೆ. ಎಂಜಿನ್ ಸದ್ದಿಗೆ ಅದರಿಂದ ಹೆಚ್ಚು ಬದಲಾವಣೆ ಇಲ್ಲ.

ಎಂಜಿನ್ ಸದ್ದು ಹೆಚ್ಚಾಗಿ ಒಳಗೆ ಬರುವುದು ಫೈರ್‌ವಾಲ್ ಮೂಲಕ, ಅಂದರೆ ಎಂಜಿನ್‌ಗೂ ನಿಮ್ಮ ಕಾಲಿಗೂ ನಡುವಿನ ಗೋಡೆಯ ಮೂಲಕ. ಪೂರ್ತಿ ಮಾಡಿಸಬೇಕೆಂದರೆ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಹೊಸ ಕಾರಿನಲ್ಲಿ ಅದನ್ನು ಮಾಡಿಸಲೇಬೇಡಿ ಅನ್ನುತ್ತೇನೆ. ವೈರಿಂಗ್ ಕ್ಲಿಪ್ ಒಂದು ಸಡಿಲವಾದರೂ ಸಾಕು, ಡ್ಯಾಶ್‌ಬೋರ್ಡ್ ಕಿರಿಕಿರಿ ಜನ್ಮಪೂರ್ತಿ ಜತೆಯಲ್ಲಿರುತ್ತದೆ. ವಾರಂಟಿಯ ಜಗಳ ಬೇರೆ. ನಡುವಿನ ದಾರಿ ಒಂದಿದೆ. ಮುಂದಿನ ಎರಡು ಸೀಟಿನ ಕಾಲಿಡುವ ಜಾಗದಲ್ಲಿ ಕಾರ್ಪೆಟ್ ಎತ್ತಿ, ಕೈ ಎಟುಕುವಷ್ಟು ಎತ್ತರದವರೆಗೆ ಬ್ಯುಟೈಲ್ ಶೀಟು ಹಚ್ಚಿ, ಅದರ ಮೇಲೆ ಭಾರದ ಪದರ ಹಾಕಿಸುವುದು. ಜತೆಗೆ ವೈರುಗಳು, ಸ್ಟೇರಿಂಗ್ ರಾಡ್ ಹಾದುಬರುವ ತೂತುಗಳ ರಬ್ಬರ್ ಸರಿಯಾಗಿ ಕೂತಿದೆಯಾ ನೋಡಿಸಿ. ಅಲ್ಲಿ ಬೆರಳಿನಷ್ಟು ಸಂದು ಇದ್ದರೂ ಉಳಿದ ಶೀಟೆಲ್ಲ ಹೆಸರಿಗಷ್ಟೇ.

ಬಾಗಿಲ ರಬ್ಬರ್ ಬೀಡಿಂಗ್ ಪರೀಕ್ಷೆಗೆ ಖರ್ಚೇ ಇಲ್ಲ. ಕಾಗದದ ಚೂರೊಂದನ್ನು ಅಡ್ಡ ಇಟ್ಟು ಬಾಗಿಲು ಹಾಕಿ, ಎಳೆಯಿರಿ. ಸಲೀಸಾಗಿ ಬಂದರೆ ಆ ಜಾಗದಲ್ಲಿ ಬೀಡಿಂಗ್ ಕಚ್ಚುತ್ತಿಲ್ಲ.

ನಮ್ಮ ಕಡೆಯ ಹವೆಗೆ ಸಂಬಂಧಿಸಿದ ಎರಡು ಎಚ್ಚರಿಕೆ ಇವೆ. ಬಾಗಿಲ ಕೆಳಗೆ ನೀರು ಇಳಿದುಹೋಗಲು ತೂತುಗಳಿರುತ್ತವೆ. ಶೀಟು ಹಚ್ಚುವವರು ಅವಸರದಲ್ಲಿ ಅವನ್ನು ಮುಚ್ಚಿಬಿಟ್ಟರೆ ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬಾಗಿಲೊಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಇನ್ನು ಅಗ್ಗಕ್ಕೆ ಸಿಗುವ ಡಾಂಬರಿನ ಶೀಟು ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮೆತ್ತಗಾಗಿ ಜಾರುತ್ತದೆ, ಮುಚ್ಚಿದ ಕಾರಿನಲ್ಲಿ ವಾಸನೆ ತುಂಬುತ್ತದೆ. ಬ್ಯುಟೈಲ್ ಎಂದು ಕೇಳಿಯೇ ತೆಗೆದುಕೊಳ್ಳಿ.

ನಾಲ್ಕನೇ ಆಯ್ಕೆ: ಟೈರು

ಕ್ಲಚ್ ಒತ್ತಿ ಮಾಡಿದ ಪರೀಕ್ಷೆಯಲ್ಲಿ ಸದ್ದು ಉಳಿದುಕೊಂಡವರಿಗೆ ಇದು. ಶಿರಾಡಿ ಘಾಟಿಯ ಕಾಂಕ್ರೀಟ್ ರಸ್ತೆ, ಬೆಂಗಳೂರಿನ ವೈಟ್ ಟಾಪಿಂಗ್ ರಸ್ತೆಗಳಲ್ಲಿ ಟೈರಿನ ಸದ್ದು ಡಾಂಬರಿಗಿಂತ ಎದ್ದು ಕೇಳುತ್ತದೆ. ಇದ್ದ ಟೈರು ಸವೆಯುವ ತನಕ ಕಾಯಿರಿ. ಬದಲಿಸುವಾಗ ಮಿಶೆಲಿನ್ ಪ್ರೈಮಸಿಯಂಥ ಸದ್ದು ಕಮ್ಮಿ ಮಾಡುವ ಸಾಲಿನ ಟೈರು ನೋಡಿ. ಅಷ್ಟರವರೆಗೆ ಗಾಳಿಯನ್ನು ಬಾಗಿಲ ಬಳಿಯ ಚೀಟಿಯಲ್ಲಿ ಬರೆದಷ್ಟೇ ಇಟ್ಟುಕೊಳ್ಳಿ. ಎಂಜಿನ್ ಸದ್ದು ತಗ್ಗಿಸಿದಮೇಲೆ ಟೈರಿನ ಸದ್ದು, ಗಾಳಿಯ ಸದ್ದು ಹೊಸದಾಗಿ ಕೇಳಲು ಶುರುವಾಗುತ್ತವೆ. ಮೊದಲೂ ಇದ್ದವು, ಎಂಜಿನ್ ಅವುಗಳನ್ನು ಮುಚ್ಚಿಟ್ಟಿತ್ತು.

ಐದನೇ ಆಯ್ಕೆ: ಬೇರೆ ಡೀಸೆಲ್, ಇಲ್ಲವೇ ಪೆಟ್ರೋಲ್

ಇನ್ನೂ ಕಾರು ಕೊಳ್ಳದವರಿಗೆ, ಅಥವಾ ಮಾರಿ ಬೇರೆ ಕೊಳ್ಳುವ ಯೋಚನೆಯಲ್ಲಿರುವವರಿಗೆ ಇದು. ಎಲ್ಲ ಡೀಸೆಲ್‌ಗಳೂ ಒಂದೇ ಸದ್ದು ಮಾಡುವುದಿಲ್ಲ.

ಮೊದಲು ನೋಡಬೇಕಾದ್ದು ಸಿಲಿಂಡರ್ ಎಷ್ಟು ಅಂತ. ಮೂರು ಸಿಲಿಂಡರ್ ಎಂಜಿನ್‌ನ ಕುಲುಕಾಟವನ್ನು ಅಡಗಿಸುವುದು ನಾಲ್ಕಕ್ಕಿಂತ ಕಷ್ಟ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸಿಗುವ ಷೆವರ್ಲೆ ಬೀಟ್ ಡೀಸೆಲ್, ಗ್ರ್ಯಾಂಡ್ ಐ10ನ 1.1 ಡೀಸೆಲ್, ಪೋಲೋದ 1.2 ಟಿಡಿಐ ಎಲ್ಲ ಮೂರು ಸಿಲಿಂಡರಿನವು. ಬೊಲೆರೊ ಈಗಲೂ ಮೂರರದ್ದೇ. ಹಳ್ಳಿ ರಸ್ತೆ, ಭಾರ, ಗಟ್ಟಿತನ ಬೇಕಾದವರು ಬೊಲೆರೊವನ್ನು ಅದರ ಸದ್ದಿನ ಸಮೇತ ಒಪ್ಪಿಕೊಂಡೇ ಕೊಳ್ಳುತ್ತಾರೆ. ಅದು ಸರಿಯಾದ ಆಯ್ಕೆಯೇ.

ಹಳೆಯ ಸ್ವಿಫ್ಟ್, ಡಿಜೈರ್, ಎರ್ಟಿಗಾಗಳ 1.3 ಡೀಸೆಲ್ ಫಿಯೆಟ್ ಮೂಲದ್ದು, 1248 ಸಿಸಿ, ನಾಲ್ಕು ಸಿಲಿಂಡರ್. 2020ರಲ್ಲಿ ಬಿಎಸ್6 ಬಂದಾಗ ಮಾರುತಿ ಡೀಸೆಲ್ ನಿಲ್ಲಿಸಿತು. ಇದರ ಟಕಟಕ ಸಾಧಾರಣ. ನಿಜವಾದ ತೊಂದರೆ 2000 ಆರ್‌ಪಿಎಂ ಕೆಳಗೆ ಎಳೆತ ಇಲ್ಲದಿರುವುದು, ಹಾಗಾಗಿ ಊರೊಳಗೆ ಗೇರ್ ಬದಲಿಸುತ್ತಲೇ ಇರಬೇಕು. 2013ರಲ್ಲಿ ಬಂದ ಹೋಂಡಾ ಅಮೇಜ್‌ನ 1.5 ಡೀಸೆಲ್ ಅದಕ್ಕೆ ತಿರುಗಾಮುರುಗಾ. ಕೆಳಗಿನಿಂದಲೇ ಎಳೆಯುತ್ತದೆ, ಕಂಪನಿ ಹೇಳಿದ ಮೈಲೇಜ್ ಲೀಟರಿಗೆ 25.8 ಕಿ.ಮೀ. ಆದರೆ ಪೂರ್ತಿ ಅಲ್ಯೂಮಿನಿಯಂ ಎಂಜಿನ್, ಸದ್ದು ಮತ್ತು ನಡುಕ ಎರಡೂ ಜೋರು ಅಂತ ಆಗಿನ ವಿಮರ್ಶೆಗಳಲ್ಲೇ ಬಂದಿತ್ತು. ದಿನಾ ದೂರ ಓಡಿಸುವವರಿಗೆ ಅದು ಒಳ್ಳೆಯ ಕಾರು. ಸದ್ದು ಸಹಿಸದವರಿಗೆ ಬೇಡ.

ಹೊಸದರಲ್ಲಿ ಹ್ಯುಂಡೈ ಕ್ರೇಟಾ, ಕಿಯಾ ಸೆಲ್ಟೋಸ್‌ಗಳ 1.5 ಡೀಸೆಲ್ ಒಂದೇ ಎಂಜಿನ್, 116 ಪಿಎಸ್ ಶಕ್ತಿ, 250 ನ್ಯೂಟನ್ ಮೀಟರ್ ಎಳೆತ. ಈ ಬೆಲೆಯಲ್ಲಿ ಪೆಟ್ರೋಲ್‌ನಿಂದ ಬಂದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ ಜತೆಗೆ ಬಂದರೆ ಊರೊಳಗೂ ಕಿರಿಕಿರಿ ಕಮ್ಮಿ. ಟಾಟಾ ನೆಕ್ಸಾನ್‌ನ 1.5, 260 ನ್ಯೂಟನ್ ಮೀಟರಿನದು, ಚೆನ್ನಾಗಿ ಎಳೆಯುತ್ತದೆ, ಆದರೆ ಎಳೆಯುವಾಗ ಡೀಸೆಲ್ ಅಂತ ಗೊತ್ತಾಗುತ್ತದೆ. ಮಹೀಂದ್ರಾ ಎಕ್ಸ್‌ಯುವಿ 3ಎಕ್ಸ್ಒ ಡೀಸೆಲ್‌ನಲ್ಲಿ 300 ನ್ಯೂಟನ್ ಮೀಟರ್ ಇದೆ, ಘಾಟಿ ಪ್ರದೇಶದವರಿಗೆ ಇದರ ಎಳೆತ ಇಷ್ಟವಾಗುತ್ತದೆ. ಈ ಎರಡರಲ್ಲೂ ಡೀಸೆಲ್ ಆಟೋಮ್ಯಾಟಿಕ್ ಅಂದರೆ ಎಎಂಟಿ ಎನ್ನುವುದು ಗಮನದಲ್ಲಿರಲಿ. ಇನೋವಾ ಕ್ರಿಸ್ಟಾದ 2.4 ಡೀಸೆಲ್ ಸ್ಟಾರ್ಟ್ ಮಾಡಿದಾಗ, ಒತ್ತಿ ಓಡಿಸಿದಾಗ ಜೋರಾಗಿಯೇ ಕೇಳುತ್ತದೆ. ಹೆದ್ದಾರಿ ವೇಗಕ್ಕೆ ಬಂದಮೇಲೆ ಶಾಂತ.

ಪೆಟ್ರೋಲ್‌ಗೆ ವಾಪಸ್ ಹೋಗುವುದನ್ನು ಸೋಲು ಅಂತ ಯಾಕೆ ಅಂದುಕೊಳ್ಳಬೇಕು? ಕರ್ನಾಟಕದಲ್ಲಿ ಡೀಸೆಲ್ ಲೀಟರಿಗೆ ಪೆಟ್ರೋಲ್‌ಗಿಂತ ಹತ್ತು ರೂಪಾಯಿಗೂ ಮೀರಿ ಅಗ್ಗ, ಮೈಲೇಜೂ ಜಾಸ್ತಿ. ಆದರೆ ಡೀಸೆಲ್ ಕಾರಿನ ಬೆಲೆ ಪೆಟ್ರೋಲಿನದಕ್ಕಿಂತ ಸಾಮಾನ್ಯವಾಗಿ ಒಂದು ಲಕ್ಷಕ್ಕೂ ಹೆಚ್ಚು. ಓಡಾಟ ಕಮ್ಮಿ ಇದ್ದವರಿಗೆ ಆ ಲಕ್ಷ ವಾಪಸ್ ಬರಲು ಎಷ್ಟೋ ವರ್ಷ ಬೇಕು. ಅಷ್ಟೂ ದಿನ ಸದ್ದು, ಡಿಪಿಎಫ್ ಚಿಂತೆ ಬೇರೆ. ಊರೊಳಗಿನ ಓಡಾಟವೇ ಹೆಚ್ಚು, ದೂರದ ಪ್ರಯಾಣ ವರ್ಷಕ್ಕೆ ಕೆಲವೇ ಸಲ ಅನ್ನುವವರು ಡ್ಯಾಂಪಿಂಗಿಗೆ ಹತ್ತಾರು ಸಾವಿರ ಹಾಕುವ ಬದಲು ಪೆಟ್ರೋಲ್ ಅಥವಾ ಹೈಬ್ರಿಡ್ ನೋಡುವುದೇ ಒಳ್ಳೆಯದು. ಇನೋವಾವನ್ನೇ ನೋಡಿ, ಹೈಕ್ರಾಸ್‌ನಲ್ಲಿ ಡೀಸೆಲ್ ಇಲ್ಲವೇ ಇಲ್ಲ, ಪೆಟ್ರೋಲ್ ಮತ್ತು ಪೆಟ್ರೋಲ್ ಹೈಬ್ರಿಡ್ ಮಾತ್ರ. ನಿಧಾನಕ್ಕೆ ತೆವಳುವಾಗ ಹೈಬ್ರಿಡ್ ಎಷ್ಟೋ ಹೊತ್ತು ಬ್ಯಾಟರಿಯಲ್ಲೇ ಸದ್ದಿಲ್ಲದೆ ಹೋಗುತ್ತದೆ.

ವಾರಕ್ಕೊಮ್ಮೆ ನೂರಾರು ಕಿಲೋಮೀಟರ್ ಹೋಗುವವರು, ಘಾಟಿ ಹತ್ತಿ ಇಳಿಯುವವರು, ಏಳು ಜನ ಮತ್ತು ಸಾಮಾನು ತುಂಬುವವರು ಡೀಸೆಲ್ ಬಿಡಬೇಡಿ. ಅವರ ಕೆಲಸಕ್ಕೆ ಅದೇ ಸರಿ. ಸದ್ದಿನ ಬಹುಪಾಲನ್ನು ಗೇರ್ ಮತ್ತು ಮೌಂಟಿಂಗ್ ನೋಡಿಕೊಳ್ಳುತ್ತವೆ.

ಯಾವುದನ್ನೇ ಕೊಳ್ಳುವಿರಾದರೂ ಟೆಸ್ಟ್ ಡ್ರೈವನ್ನು ಬೆಳಿಗ್ಗೆ ಶೋರೂಮ್ ತೆಗೆದ ಕೂಡಲೇ ಇಟ್ಟುಕೊಳ್ಳಿ. ಎಂಜಿನ್ ಮೊದಲೇ ಬಿಸಿ ಮಾಡಿ ಇಡಬೇಡಿ ಅಂತ ಹೇಳಿ. ಬಾನೆಟ್ ಮೇಲೆ ಕೈಯಿಟ್ಟರೆ ಬಿಸಿಯಾಗಿದೆಯಾ ಗೊತ್ತಾಗುತ್ತದೆ. ಮ್ಯೂಸಿಕ್ ಆಫ್ ಮಾಡಿಸಿ. ಎಸಿ ಹಾಕಿ ಐಡ್ಲಿಂಗಿನಲ್ಲಿ ಎರಡು ನಿಮಿಷ ಸುಮ್ಮನೆ ಕೂತುಕೊಳ್ಳಿ. ಮೂರನೇ ಗೇರಿನಲ್ಲಿ 30ರಿಂದ ಒತ್ತಿ ನೋಡಿ, ಒಂದು ಫ್ಲೈಓವರ್ ಏರಿಸಿ, ಒಂದು ಕಾಂಕ್ರೀಟ್ ರಸ್ತೆಯಲ್ಲಿ ಹೋಗಿ. ಮನೆಯಲ್ಲಿ ಸದ್ದಿಗೆ ಹೆಚ್ಚು ಕಿರಿಕಿರಿ ಪಡುವವರು ಯಾರೋ ಅವರನ್ನೇ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿ, ಅಡ್ವಾನ್ಸ್ ಕೊಡುವ ಮೊದಲು ಅವರ ಮಾತು ಕೇಳಿ.